ಹೊನ್ನವ್ವನ ಬಂಡಿಯ ಅಚ್ಚು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಹೊನ್ನವ್ವನಿಗೊಂದು ಮನೆ ಇತ್ತು. ಆದರೆ ವರ್ಷದಲ್ಲಿ ಆರು ತಿಂಗಳು ಆ ಮನೆಯ ಬಾಗಿಲಿಗೆ ಕೀಲಿ ಬಿದ್ದಿರುತ್ತಿತ್ತು. ಆಕೆ ನಿಜವಾಗಿ ಬಾಳುತ್ತಿದ್ದದ್ದು ಕೊಲ್ಲಾರಿ ಕಟ್ಟಿದ ಒಂದು ಹಳೆಯ ಬಂಡಿಯಲ್ಲಿ. ಬಿದಿರಿನ ಬಾಗುಗಳ ಮೇಲೆ ಚಾಪೆ, ಚಾಪೆಯ ಮೇಲೆ ಎಣ್ಣೆ ಕುಡಿಸಿದ ದಪ್ಪ ಅರಿವೆ. ಒಳಗೆ ಒಂದು ಬದಿಗೆ ಹಾಸಿಗೆ, ಇನ್ನೊಂದು ಬದಿಗೆ ಕೆಲಸದ ಸಾಮಾನು. ಬಂಡಿಯ ಹಿಂದೆ ಹಗ್ಗದಿಂದ ಜೋತುಬಿಟ್ಟ ಒಡಕು ಗಡಿಗೆಯೊಂದರಲ್ಲಿ ಮೆಂತ್ಯದ ಬೀಜ ಚೆಲ್ಲಿದ್ದಳು. ಎತ್ತು ಹೆಜ್ಜೆ ಹಾಕಿದಂತೆ ತೋಟವೂ ಜೊತೆಗೆ ನಡೆಯುತ್ತಿತ್ತು.

ಆಕೆಯ ಕಸುಬು ಹಣಿಗೆ ಕಟ್ಟುವುದು. ಮಗ್ಗದಲ್ಲಿ ಹಾಸಿನ ನೂಲಿನ ಎಳೆಗಳನ್ನು ಒಂದೊಂದಾಗಿ ಹಿಡಿದು, ಹೊಕ್ಕ ನೂಲನ್ನು ಒತ್ತಿ ಕೂಡಿಸುವ ಉದ್ದನೆಯ ಬಾಚಣಿಗೆಯೇ ಹಣಿಗೆ. ಜೊಂಡನ್ನು ಉಗುರಿಗಿಂತ ತೆಳ್ಳಗೆ ಸೀಳಿ, ಸಾವಿರಾರು ಸೀಳುಗಳನ್ನು ಒಂದರ ಪಕ್ಕಕ್ಕೊಂದು ನಿಲ್ಲಿಸಿ ದಾರದಿಂದ ಬಿಗಿಯಬೇಕು. ಒಂದು ಸೀಳು ವಾರೆಯಾದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಸವೆದ ಹಣಿಗೆಯನ್ನು ಬಿಚ್ಚಿ ಕಟ್ಟಲು ನೇಕಾರರು ಮಗ್ಗ ಬಿಟ್ಟು ಊರಿಂದೂರಿಗೆ ಹೋಗುವುದುಂಟೆ? ಹಣಿಗೆಯವರೇ ಅವರ ಬಾಗಿಲಿಗೆ ಬರಬೇಕು. ಹೊನ್ನವ್ವನ ಗಂಡ ಮುತ್ತಪ್ಪ, ಅವನ ಅಪ್ಪ, ಇಬ್ಬರೂ ಹೀಗೆಯೇ ಗಜೇಂದ್ರಗಡದಿಂದ ರೋಣ, ರೋಣದಿಂದ ನರಗುಂದ ಎಂದು ಸುತ್ತಿದವರು. ಖರೆ ಹೇಳಬೇಕೆಂದರೆ ಮುತ್ತಪ್ಪನ ಬೆರಳು ದಪ್ಪ. ಅವನು ಎತ್ತು ಹೊಡೆಯುತ್ತಿದ್ದ, ಮಾತು ಆಡುತ್ತಿದ್ದ. ಹಣಿಗೆ ಕಟ್ಟುತ್ತಿದ್ದವಳು ಹೊನ್ನವ್ವ.

ಆ ಮುತ್ತಪ್ಪ ಹಿಂದಿನ ವರ್ಷ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ನರಗುಂದದಲ್ಲಿ ಇನ್ನೂ ಅರಸರ ಆಳಿಕೆ ನಡೆಯುತ್ತಿದ್ದ ಕಾಲ ಅದು. ಇಸವಿ ಸಾವಿರದ ಎಂಟುನೂರ ಐವತ್ತೈದರ ಸುಮಾರು. ಮಾಘಮಾಸ ಬಂದೊಡನೆ ಹೊನ್ನವ್ವ ಒಬ್ಬಳೇ ಬಂಡಿ ಹೂಡಲು ಹೊರಟಾಗ ಮೈದುನ ಗುರುಸಂಗಪ್ಪ ನೊಗಕ್ಕೆ ಅಡ್ಡ ಬಂದು ನಿಂತ. ಅವನು ಕೆಟ್ಟವನಲ್ಲ. ಎರಡು ಕೂರಿಗೆ ಬಿತ್ತುವಷ್ಟು ಹೊಲವಿತ್ತು, ಎತ್ತು ಇರಲಿಲ್ಲ. ಒಂಟಿ ಹೆಂಗಸು ದಾರಿಯ ಮೇಲೆ ಅಲೆಯುವುದು ಮನೆತನಕ್ಕೆ ಶೋಭೆಯಲ್ಲವೆಂಬುದೂ ಅವನ ಮನಸ್ಸಿನಲ್ಲಿತ್ತು. ಎರಡರಲ್ಲಿ ಯಾವುದು ಹೆಚ್ಚು ತೂಕದ್ದೆಂದು ಅವನಿಗೇ ತಿಳಿದಿರಲಿಕ್ಕಿಲ್ಲ.

ಓಣಿಯ ಹಿರಿಯರು ಕೂಡಿದರು. ಗುರುಸಂಗಪ್ಪ ಅವರ ಮುಂದೆ ಹೇಳಿದ:

“ಅತ್ತಿಗಿ, ಉಗಾದಿ ಅಮಾಸಿಯೊಳಗ ಬಂಡಿ ನರಗುಂದ ಮುಟ್ಟಿ ತಿರಿಗಿ ಬಂದು ಈ ಬಾಗಿಲ ಮುಂದ ನಿಂತರ, ಬಂಡಿನೂ ನಿಂದ, ಎತ್ತೂ ನಿನ್ನವ. ನಾ ಮತ್ತ ಬಾಯಿ ತಗಿಯೂದಿಲ್ಲ. ನಡುದಾರ್ಯಾಗ ನಿಂತಿತು ಅಂದ್ರ ಎತ್ತು ನನ್ನ ಹೊಲಕ್ಕ, ನೀ ನಮ್ಮ ಪಡಸಾಲಿಗೆ. ಹೊಟ್ಟಿಗಿ ಕಡಿಮಿ ಮಾಡೂದಿಲ್ಲ.”

“ಆಗಲಿ,” ಎಂದಳು ಹೊನ್ನವ್ವ. ಎತ್ತು ಹೂಡಲು ನಡೆದಳು.

ಮಾಘ ಕಳೆಯಿತು. ರೋಣದ ಮಗ್ಗಗಳ ಕೆಲಸ ಮುಗಿಯಿತು. ಹೋಳಿಹುಣ್ಣಿಮೆ ಎರಡು ದಿನ ಇದೆ ಎನ್ನುವಾಗ ಬಂಡಿ ನರಗುಂದದ ದಾರಿ ಹಿಡಿದು ಬೆಳವಣಕಿಯ ಹತ್ತಿರ ಬಂದಿತ್ತು. ಎರೆಭೂಮಿಯ ದಾರಿ ಫಾಲ್ಗುಣದಲ್ಲಿ ಕಲ್ಲಿಗಿಂತ ಕಲ್ಲು. ಮಳೆಗಾಲದಲ್ಲಿ ಬಿದ್ದ ಗಾಲಿಯ ಜಾಡುಗಳು ಒಣಗಿ ಕಾಲುವೆಗಳಂತೆ ನಿಂತಿರುತ್ತವೆ. ಅರಳೆ ಹೇರಿದ ಬಂಡಿಯೊಂದು ಎದುರಿಗೆ ಬಂತೆಂದು ಹೊನ್ನವ್ವ ಎತ್ತುಗಳನ್ನು ಬದಿಗೆ ಎಳೆದಳು. ಎಡಗಾಲಿ ಜಾಡಿನಿಂದ ಮೇಲಕ್ಕೆದ್ದು ಧೊಪ್ಪನೆ ಬಿದ್ದಿತು. ಕಬ್ಬಿನ ಗಳ ಮುರಿದಂಥ ಒಂದು ಸಪ್ಪಳ. ಬಂಡಿ ಎಡಕ್ಕೆ ವಾಲಿತು. ಮೆಂತ್ಯದ ಗಡಿಗೆ ನೆಲ ಮುಟ್ಟಿತು.

ಇಳಿದು ಬಗ್ಗಿ ನೋಡಿದಳು. ಎರಡು ಗಾಲಿಗಳನ್ನು ಹಿಡಿದಿದ್ದ ಜಾಲಿಮರದ ಅಚ್ಚು ಗಾಲಿಯ ನಡುವಿನ ಗುಂಬದ ಬಳಿಯೇ ಎರಡು ತುಂಡಾಗಿತ್ತು.

ಅರಳೆಯ ಬಂಡಿಯವರು ಒಳ್ಳೆಯವರು. ಬಂಡಿಯನ್ನು ಎತ್ತಿ ಊರ ಅಂಚಿನ ಬೇವಿನ ಮರದ ಕೆಳಗೆ ಕಲ್ಲುಗಳ ಮೇಲೆ ಕೂಡ್ರಿಸಿದರು. ಗಾಲಿ ಬಿಚ್ಚಿ, ಅಚ್ಚಿನ ತುಂಡುಗಳನ್ನು ಹೊರಗೆ ತೆಗೆದುಕೊಟ್ಟರು. “ನಮ್ಮೂರಾಗ ಬಡಿಗ್ಯಾರ ಅಜ್ಜಪ್ಪ ಅದಾನ. ಬಾಯಿ ಖಾರ, ಕೈ ಚಲೋ,” ಎಂದು ಹೇಳಿ ಹೋದರು.

ಹೊನ್ನವ್ವ ಹೋದಾಗ ದೀಪ ಹಚ್ಚುವ ಹೊತ್ತು. ಅಜ್ಜಪ್ಪ ಒಳಗೆ ಉಣ್ಣುತ್ತ ಕೂತಿದ್ದ. ತುತ್ತು ಬಾಯಲ್ಲಿ ಇಟ್ಟುಕೊಂಡೇ ಕೇಳಿದ, “ಯಾರದು?”

“ಗಜೇಂದ್ರಗಡದ ಹಣಿಗ್ಯಾರಕಿ, ಅಣ್ಣಾ. ಬಂಡಿ ಅಚ್ಚು ಮುರಿದೈತಿ.”

“ಹಳೀ ಬಂಡಿಯೋ ಹೊಸಾದೋ?”

“ನಮ್ಮ ಮಾವನ ಕಾಲದ್ದು. ಬದಾಮಿ ಕಡೆ ಮಾಡಿಸಿದ್ದಂತ.”

“ಹಂಗಾದ್ರ ಅಳತಿ ಬೇಕ ಬೇಕು. ತುಂಡು ಎರಡೂ ತಂದು ಬಾಗಲ ಮುಂದ ಇಡು. ಮುಂಜಾನೆ ನೋಡತೀನಿ.”

ಬಾಗಿಲ ಮುಂದೆ ಒಟ್ಟಿದ ಕಟ್ಟಿಗೆಯ ರಾಶಿಯೊಂದಿತ್ತು. ಬಡಿಗನ ಬಾಗಿಲಲ್ಲಿ ಕಟ್ಟಿಗೆ ಇರದೆ ಮತ್ತೇನಿರಬೇಕು? ಹೊನ್ನವ್ವ ಎತ್ತಿನ ಮೇಲೆ ಹೇರಿ ತಂದಿದ್ದ ಎರಡು ತುಂಡುಗಳನ್ನು ಮಣ್ಣು ತಾಗಬಾರದೆಂದು ಆ ರಾಶಿಯ ಮೇಲೆ ಜೋಪಾನವಾಗಿ ಜೋಡಿಸಿಟ್ಟು, ಬೇವಿನ ಮರದ ಕೆಳಗಿನ ತನ್ನ ಮನೆಗೆ ಬಂದು ಮಲಗಿದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೋಳಿಯಲ್ಲಿ ಕಾಮಣ್ಣನನ್ನು ಸುಡಲು ಕಟ್ಟಿಗೆಯನ್ನು ಕೇಳಿ ತರುವುದಿಲ್ಲ, ಕದ್ದು ತರುತ್ತಾರೆ. ಕದ್ದವನಿಗೆ ಪಾಪವಿಲ್ಲ, ಕಳೆದುಕೊಂಡವನಿಗೆ ಕೇಳುವ ಹಕ್ಕಿಲ್ಲ. ಊರಿನವರೆಲ್ಲರ ಕಣ್ಣು ಮೊದಲು ಬೀಳುವುದು ಬಡಿಗನ ಅಂಗಳದ ಮೇಲೆ. ಒಮ್ಮೆ ಅಜ್ಜಪ್ಪನ ಹೊಸ ಕೂರಿಗೆಯೊಂದು ಹಾಗೆಯೇ ಬೂದಿಯಾಗಿತ್ತು. ಅಂದಿನಿಂದ ಅವನು ಒಂದು ಉಪಾಯ ಹೂಡಿದ್ದ. ಒಳ್ಳೆಯ ಮರವನ್ನೆಲ್ಲ ಪಡಸಾಲೆಗೆ ಸಾಗಿಸಿ ಅಗಳಿ ಹಾಕಿ, ಬಾಗಿಲ ಮುಂದೆ ಹುಳ ತಿಂದ ತುಂಡು, ಚಕ್ಕೆ, ಬೊಡ್ಡೆಗಳನ್ನು ಸುಮ್ಮನೆ ಇಟ್ಟಂತೆ ಒಟ್ಟಿಡುತ್ತಿದ್ದ. ಕದಿಯುವವರು ಅಷ್ಟನ್ನೇ ಹೊತ್ತುಕೊಂಡು, ಬಡಿಗನನ್ನು ಗೆದ್ದೆವೆಂದು ಹಲಗಿ ಬಾರಿಸುತ್ತ ಹೋಗುತ್ತಿದ್ದರು. ಅಜ್ಜಪ್ಪ ಒಳಗೆ ಮಲಗಿ ನಗುತ್ತಿದ್ದ. ಈ ಗುಟ್ಟು ಅವನ ಹೆಂಡತಿ ಸಿದ್ದಲಿಂಗವ್ವನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಪರಊರಿನ ಹೊನ್ನವ್ವನಿಗೆ ಹೇಗೆ ಗೊತ್ತಾಗಬೇಕು?

ಮುಂಜಾನೆ ಆಕೆ ಬಂದಾಗ ಅಂಗಳ ಗುಡಿಸಿಟ್ಟ ಹಾಗಿತ್ತು. ಅಜ್ಜಪ್ಪ ಬೇವಿನಕಡ್ಡಿ ಅಗಿಯುತ್ತ ಬಹಳ ಸಂತೋಷದಲ್ಲಿದ್ದ.

“ಎಲ್ಲೈತಿ ತಂಗಿ ನಿನ್ನ ಅಚ್ಚು? ತಾ ಇಲ್ಲೆ.”

“ನಿನ್ನಿನೇ ತಂದು ಇಟ್ಟೀನಲ್ಲ ಅಣ್ಣಾ. ಇಲ್ಲೇ. ಕಟ್ಟಿಗಿ ಮ್ಯಾಲ.”

ಅಜ್ಜಪ್ಪನ ಬಾಯಿಯಲ್ಲಿ ಬೇವಿನಕಡ್ಡಿ ನಿಂತಿತು. “ಯಾ ಕಟ್ಟಿಗಿ ಮ್ಯಾಲ?”

“ಇಲ್ಲಿತ್ತಲ್ಲ, ರಾಶಿ.”

ಅಜ್ಜಪ್ಪ ಧೋತರ ಎತ್ತಿಕಟ್ಟಿ ಊರ ಅಗಸೆಬಾಗಿಲ ಕಡೆ ಓಡಿದ. ಹೊನ್ನವ್ವ ಏನೂ ತಿಳಿಯದೆ ಅವನ ಹಿಂದೆ ಓಡಿದಳು. ಅಲ್ಲಿ ಆಗಲೇ ಕಾಮಣ್ಣನಿಗೆ ಬೆಂಕಿ ಬಿದ್ದಿತ್ತು. ಆ ವರ್ಷ ಪಂಚಾಂಗ ನೋಡುವವರು ಹುಣ್ಣಿಮೆ ಬೇಗ ಬಂತೆಂದು ಬೆಳಗಿನ ಜಾವವೇ ಹಚ್ಚಿಸಿದ್ದರು. ಉರಿಯ ನಡುವೆ ಎಣ್ಣೆ ಕುಡಿದು ಕುಡಿದು ಕಪ್ಪಾಗಿದ್ದ ಅಚ್ಚು ಉಳಿದ ಎಲ್ಲ ಕಟ್ಟಿಗೆಗಿಂತ ಚೆನ್ನಾಗಿ ಉರಿಯುತ್ತಿತ್ತು. ಪ್ರತಿವರ್ಷ ಹತ್ತಿರ ಸುಳಿಯದ ಬಡಿಗ ಓಡಿಬಂದದ್ದನ್ನು ಕಂಡು ಮಂದಿಗೆ ಹಿಗ್ಗೋ ಹಿಗ್ಗು.

“ಅಜ್ಜಪ್ಪಗ ಈ ವರ್ಷ ಭಕ್ತಿ ಬಂತಪ್ಪೋ. ಬಾರಿಸ್ರೋ ಹಲಗಿ.”

ಅಜ್ಜಪ್ಪ ಏನು ಹೇಳಬೇಕು? ಹೇಳಿದರೆ ಹತ್ತು ವರ್ಷದ ಗುಟ್ಟು ಹೊರಗೆ ಬೀಳುತ್ತದೆ. ಮಂದಿ ಹಣೆಗೆ ಬೂದಿ ಹಚ್ಚಿದರು, ಹಚ್ಚಿಸಿಕೊಂಡು ನಿಂತ.

ತಿರುಗಿ ಬರುವಾಗ ದಾರಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಕಡೆಗೆ ಹೇಳಿದ, “ನಾ ಕಳ್ಳರಿಗೆ ಹಾಕಿದ ಮೇವಿನ ಮ್ಯಾಲ ನೀ ನಿನ್ನ ಬುತ್ತಿ ಇಟ್ಟಿ ತಂಗಿ. ತಪ್ಪು ನಿಂದಲ್ಲ. ನಾ ತುತ್ತು ಬಿಟ್ಟು ಎದ್ದು ಬಂದು ಈಸಗೊಂಡಿದ್ದರ ಇದು ಆಗತಿದ್ದಿಲ್ಲ.”

ಹೊನ್ನವ್ವನಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಹಣೆಯ ತುಂಬ ಬೂದಿ ಮೆತ್ತಿಕೊಂಡ ಆ ಮುಖ ನೋಡಿ ಸಿಟ್ಟು ಮಾಡುವುದು ಹೇಗೆ? “ಹೊಸಾದು ಮಾಡಿಕೊಡು ಅಣ್ಣಾ. ಅಮಾಸಿಯೊಳಗ ನಾ ನರಗುಂದ ಮುಟ್ಟಿ ಊರಿಗೆ ಹೋಗಬೇಕು,” ಎಂದು ಮೈದುನನ ಮಾತನ್ನು ತಿಳಿಸಿದಳು.

ಅಜ್ಜಪ್ಪ ಬೇವಿನ ಮರದ ಕೆಳಗೆ ಬಂದು ಗಾಲಿಯ ಗುಂಬದೊಳಗೆ ಕೈ ಹಾಕಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ತಡವಿದ. ಮತ್ತೆ ತಲೆ ಅಲ್ಲಾಡಿಸಿದ. ಈಗಿನ ಬಂಡಿಗಳ ಗುಂಬದ ತೂತು ನೆಟ್ಟಗೆ. ಇದರದ್ದು ಒಳಗೆ ಅಗಲವಾಗಿ ಹೊರಗೆ ಸಣ್ಣದಾಗುತ್ತ ಹೋಗಿ, ಮೇಲಾಗಿ ತುಸು ಕೆಳಕ್ಕೆ ಬಾಗಿತ್ತು. ಹಳೆಯ ಅಚ್ಚು ಕಣ್ಣ ಮುಂದೆ ಇರದೆ ಆ ಬಾಗು ಕೂಡಿಸುವುದು ಆಗದ ಮಾತು. ಇನ್ನು ಮರ: ಅಚ್ಚಿನ ದಪ್ಪದ ಜಾಲಿ ಅವನಲ್ಲಿದ್ದದ್ದು ಹಿಂದಿನ ವರ್ಷ ಕಡಿದದ್ದು. ಇನ್ನೂ ಎರಡು ಬೇಸಿಗೆ ಒಣಗಬೇಕು.

“ಹಸೀದ ಹಾಕಿಕೊಡು. ಈ ಒಂದು ಸುತ್ತು ತಡದರ ಸಾಕು.”

“ಹಾಕತೀನಿ. ಮುಂದಿನ ಯಾವಗಲ್ಲ ಊರಿನ ಹಳ್ಳ ದಾಟೂದ್ರಾಗ ಸೀಳತೈತಿ. ಆಗ ನೀ ನನ್ನ ಬೈತಿ. ಇವತ್ತ ಬೈದುಬಿಡು, ಮರಾನರ ಉಳೀತೈತಿ.”

ಮರುದಿನ ಹೊನ್ನವ್ವ ನಡೆದು ರೋಣಕ್ಕೆ ಹೋದಳು. ಅಲ್ಲಿ ಕಾಶೀಂಸಾಬನೆಂಬ ಕಮ್ಮಾರ ಬಂಡಿಗಳಿಗೆ ಹೊಸದಾಗಿ ಕಬ್ಬಿಣದ ಅಚ್ಚು ಕೂಡಿಸುತ್ತಾನೆಂದು ಕೇಳಿದ್ದಳು. ಅವನು ತಿದಿ ಒತ್ತುವುದನ್ನು ಬಿಟ್ಟು ಸಾವಕಾಶ ಎಲ್ಲವನ್ನೂ ಕೇಳಿಕೊಂಡ.

“ನಿಮ್ಮ ಗಾಲಿಗೆ ಕಬ್ಬಿಣದ್ದು ಕೂಡೂದಿಲ್ಲವ್ವಾ. ಅಚ್ಚು ಬದಲಿಸಿದರ ಗುಂಬ ಬದಲಿಸಬೇಕು. ಗುಂಬ ಬದಲಿಸಿದರ ಗಾಲಿ ಬದಲಿಸಬೇಕು. ಗಾಲಿ ಬದಲಿಸಿದರ ಮ್ಯಾಲಿನ ಚೌಕಟ್ಟು…”

“ಕಡೀಕ ಹೊನ್ನವ್ವನ್ನೂ ಬದಲಿಸಬೇಕು,” ಎಂದಳು ಹೊನ್ನವ್ವ.

ಕಾಶೀಂಸಾಬ ನಕ್ಕುಬಿಟ್ಟ. ನಕ್ಕ ಮೇಲೆ ಅವನಿಗೆ ಒಂದು ನೆನಪು ಬಂತು. ನರಗುಂದದಲ್ಲಿ ಅರಳೆ ಹಿಂಜುವ ಜಂಗ್ಲಿಸಾಬನ ಹಿತ್ತಲಿನಲ್ಲಿ ಇಂಥದೇ ಒಂದು ಬಂಡಿ ನಿಂತಿದೆ. ಅವನ ಅಪ್ಪ ಅದರಲ್ಲಿ ಊರೂರು ತಿರುಗಿ ಗಾದಿ ತುಂಬುತ್ತಿದ್ದ. ಅದೂ ಬದಾಮಿ ಕಡೆಯ ಕೆಲಸ. “ಇಪ್ಪತ್ತು ವರ್ಷಾತು ನಿಂತು. ಸಿಕ್ಕರ ಅಲ್ಲೇ ಸಿಗಬೇಕು.”

ಬೆಳವಣಕಿಗೆ ಬಂದು ಈ ಮಾತನ್ನು ಹೇಳಿದಾಗ ಅಜ್ಜಪ್ಪ ಬಾಚಿ, ಉಳಿಗಳನ್ನು ಚೀಲಕ್ಕೆ ಹಾಕಿಕೊಂಡು ತಾನೂ ಹೊರಟ. ಸಿದ್ದಲಿಂಗವ್ವ ಹೊನ್ನವ್ವನ ಕೈಗೆ ರೊಟ್ಟಿಯ ಗಂಟು ಕೊಟ್ಟಳು. “ನನ್ನ ಗಂಡನ್ನ ಕರಕೊಂಡು ಹೊಂಟೀಯವ್ವ, ಇವನ್ನರ ಯಾವ ರಾಶಿ ಮ್ಯಾಲೂ ಇಡಬ್ಯಾಡ,” ಎಂದಳು. ಅಜ್ಜಪ್ಪ ಕೇಳಿಸದವನಂತೆ ಎತ್ತಿನ ಹಗ್ಗ ಹಿಡಿದು ಮುಂದೆ ನಡೆದ.

ನರಗುಂದದ ಗುಡ್ಡ ಕಣ್ಣಿಗೆ ಬಿದ್ದು ಎಷ್ಟೋ ಹೊತ್ತಾದ ಮೇಲೆ ಊರು ಸಿಕ್ಕಿತು. ಜಂಗ್ಲಿಸಾಬನ ಮನೆಯನ್ನು ಯಾರನ್ನೂ ಕೇಳಬೇಕಾಗಲಿಲ್ಲ. ಅರಳೆ ಹಿಂಜುವ ಬಿಲ್ಲಿನ ಟಂಯ್ ಟಂಯ್ ಸಪ್ಪಳವೇ ಕರೆದುಕೊಂಡು ಹೋಯಿತು. ಮೈಮೇಲೆ, ಗಡ್ಡದ ಮೇಲೆ, ಹುಬ್ಬಿನ ಮೇಲೆ ಅರಳೆ ಅಂಟಿಸಿಕೊಂಡ ನಡುವಯಸ್ಸಿನ ಮನುಷ್ಯ ಎದ್ದುಬಂದ. ವಿಷಯ ಕೇಳಿ ಧ್ವನಿ ತಗ್ಗಿಸಿದ.

“ಬಂಡಿ ಖರೇನ ಐತ್ರಿ. ನಂದೇನೂ ತಕರಾರಿಲ್ಲ. ಆದ್ರ ಅದ್ರಾಗ ನಮ್ಮವ್ವ ಕುಂತಾಳ್ರಿ.”

“ಇಳೀಲಿ, ಕಾಯತೀವಿ,” ಎಂದ ಅಜ್ಜಪ್ಪ.

“ಇಪ್ಪತ್ತು ವರ್ಷಾತ್ರಿ, ನಾನೂ ಕಾಯಾಕಹತ್ತೀನಿ.”

ಹಿತ್ತಲಿನಲ್ಲಿ ಬಂಡಿ ನಿಂತಿತ್ತು. ಕೊಲ್ಲಾರಿಯ ಚಾಪೆ ಹೊಸದು. ಅದರ ನೆರಳಲ್ಲಿ ಎಪ್ಪತ್ತು ದಾಟಿದ ಜುಲೇಖಾ ಕಾಲು ಚಾಚಿ ಕೂತು, ಮಡಿಲಿನಲ್ಲಿ ಅರಳೆ ಇಟ್ಟುಕೊಂಡು ಬೀಜ ಬಿಡಿಸುತ್ತಿದ್ದಳು. ಮುಂಜಾನೆ ಹತ್ತಿದರೆ ಸಂಜೆಗೆ ಇಳಿಯುವುದು ಆಕೆಯ ರೂಢಿ. ಊಟವೂ ಅಲ್ಲಿಗೇ ಬರುತ್ತಿತ್ತು.

ಅಜ್ಜಪ್ಪ ಸೀದಾ ಬಂಡಿಯ ಕೆಳಗೆ ತೂರಿ ಅಚ್ಚನ್ನು ಬಾಚಿಯ ಹಿಡಿಯಿಂದ ಬಡಿದು ನೋಡಿದ. ಗಂಟೆಯ ಹಾಗೆ ನಾದ ಬಂತು. ಸಂತೋಷದಲ್ಲಿ ಅಲ್ಲಿಂದಲೇ ಕೂಗಿದ, “ಕಬ್ಬಿಣ ಆಗೇತಿ ತಂಗಿ. ಈ ಬಂಡಿ ಇನ್ನೇನು ಎದ್ದು ಓಡೂದಿಲ್ಲ, ಇದಕ್ಯಾಕ ಬೇಕು ಇಂಥಾ ಅಚ್ಚು?”

“ಯಾರಪ್ಪ ನೀ, ನನ್ನ ಮನೀ ತಳಾ ಬಡಿಯಾಂವ?” ಎಂದಿತು ಮೇಲಿನಿಂದ ಒಂದು ಧ್ವನಿ. “ನಾನೂ ಎದ್ದು ಓಡೂದಿಲ್ಲ. ನನ್ನ ಕಾಲೂ ಕಡಕೊಂಡು ಹೋಗು.”

ಅಜ್ಜಪ್ಪ ಹೊರಗೆ ಬಂದು ಬಾಚಿಯನ್ನು ಬೆನ್ನ ಹಿಂದೆ ಮಾಡಿಕೊಂಡ. ಮುದುಕಿ ಮತ್ತೆ ತನ್ನ ಅರಳೆಯ ಕಡೆ ತಿರುಗಿದಳು. ಜಂಗ್ಲಿಸಾಬ, “ನಾ ಹೇಳಿದ್ದೆನಲ್ರಿ,” ಎಂದು ತನ್ನ ಬಿಲ್ಲಿಗೆ ಮರಳಿದ. ಅಜ್ಜಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಮುಖ ಗಂಟುಹಾಕಿಕೊಂಡ. ಉಗಾದಿ ಅಮಾವಾಸ್ಯೆಗೆ ಹತ್ತೇ ದಿನ ಉಳಿದಿದ್ದವು.

ಹೊನ್ನವ್ವ ಹಿತ್ತಲಿನಲ್ಲಿಯೇ ಉಳಿದಳು. ಸುಮ್ಮನೆ ಕೂಡ್ರಲು ಬರದ ಕೈಗಳು. ಬುಟ್ಟಿಯಿಂದ ಒಂದು ಹಿಡಿ ಅರಳೆ ತೆಗೆದುಕೊಂಡು ತಾನೂ ಬೀಜ ಬಿಡಿಸತೊಡಗಿದಳು. ಬಿಡಿಸುತ್ತ ಬಂಡಿಯನ್ನು ನೋಡಿದಳು. ಬಾಗಿನ ನಡುವೆ ತೊಟ್ಟಿಲ ಹಗ್ಗ ಸವೆಸಿದ ಗುರುತು. ಹಿಂದಿನ ಹಲಗೆಯ ಕೆಳಗೆ ಅಳಿಸದ ಹೊಗೆಯ ಕಪ್ಪು. ಆ ಕಪ್ಪನ್ನು ನೋಡಿ ಆಕೆ ತನಗೆ ತಾನೇ ಕೇಳಿಕೊಂಡಂತೆ ಕೇಳಿದಳು:

“ಮಳಿಯಾಗ ಒಲಿ ಬಂಡಿ ಕೆಳಗ ಹೂಡತಿದ್ರೇನ್ರೀ ಅಮ್ಮಾ?”

ಜುಲೇಖಾಳ ಬೆರಳು ನಿಂತವು. “ಮತ್ತೆಲ್ಲಿ ಹೂಡೂದು? ತಲಿ ಮ್ಯಾಲ?”

“ಎತ್ತು ಬೆದರತಿದ್ದಿಲ್ಲ?”

“ಎತ್ತಲ್ಲ, ನನ್ನ ಗಂಡ ಬೆದರತಿದ್ದ. ಒಮ್ಮೆ ಹೊಳೆಮಣ್ಣೂರಾಗ ಗಾದಿ ಹೊತ್ತಿಕೊಂಡು, ಮಲಗಿದಾಂವ ಹೊಳಿಗೆ ಹಾರಿದ. ಹೊಳ್ಯಾಗ ನೀರು ಎಷ್ಟಿತ್ತಂದಿ? ಮೊಣಕಾಲಮಟ.” ಮುದುಕಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. “ನೀನೂ ಬಂಡಿಯಾಕಿ ಏನು?”

ಆಮೇಲೆ ಇಬ್ಬರಿಗೂ ಹೊತ್ತು ಹೋದದ್ದು ತಿಳಿಯಲಿಲ್ಲ. ಯಾವ ಊರಿನ ಬಾವಿಯ ನೀರಲ್ಲಿ ಬೇಳೆ ಬೇಯುವುದಿಲ್ಲ, ಯಾವ ಊರಿನವರು ಹುಲ್ಲು ಕೇಳಿದರೆ ಹೊಟ್ಟು ಕೊಡುತ್ತಾರೆ, ಯಾವ ಹಳ್ಳ ನಗುತ್ತ ಬಂದು ಎತ್ತನ್ನು ನುಂಗುತ್ತದೆ, ಇಬ್ಬರಿಗೂ ಬಾಯಿಪಾಠ. ಜಂಗ್ಲಿಸಾಬ ಎರಡು ಸಲ ಬಂದು ಇಣುಕಿ, ತಾಯಿ ಇಷ್ಟು ಮಾತಾಡುವುದನ್ನು ಕಂಡು ಸದ್ದಿಲ್ಲದೆ ಹೋದ. ಮರುದಿನವೂ ಹೊನ್ನವ್ವ ಬುಟ್ಟಿಯ ಮುಂದೆ ಕೂತಳು. ಅಚ್ಚಿನ ಮಾತು ಇಬ್ಬರೂ ಎತ್ತಲಿಲ್ಲ.

ಮೈದುನನ ಕರಾರನ್ನು ಆಗಲೇ ಕೇಳಿ ತಿಳಿದಿದ್ದ ಜುಲೇಖಾಳೇ ಮಧ್ಯಾಹ್ನ ಕೇಳಿದಳು. “ಮೈದುನ ಹೊಟ್ಟಿಗಿ ಹಾಕತೀನಿ ಅಂತಾನ. ನೆರಳೈತಿ, ಕೂಳೈತಿ. ಈ ವಯಸ್ಸಿನ್ಯಾಗ ಮತ್ಯಾಕ ಈ ಅಲದಾಟ?”

ಹೊನ್ನವ್ವ ಬುಟ್ಟಿಯಿಂದ ಇನ್ನೊಂದು ಹಿಡಿ ಅರಳೆ ತೆಗೆದುಕೊಂಡಳು. “ಅಲ್ಲಿ ಕುಂತರ ನಾ ಕೆಟ್ಟಿರೂದಿಲ್ಲರೀ ಅಮ್ಮಾ. ಅವರ ಮಕ್ಕಳ್ನ ಆಡಸ್ತೀನಿ, ಕಾಳು ಹಸನ ಮಾಡತೀನಿ. ಆದ್ರ ಈ ಕೈಗೆ ಒಂದು ಕೆಲಸ ಗೊತ್ತೈತಿ. ಅದು ಅಲ್ಲಿ ಯಾರಿಗೂ ಬೇಕಾಗಿಲ್ಲ. ಇಲ್ಲಿ ನರಗುಂದದಾಗ ನಾಕು ಮಗ್ಗ ನಾ ಬರೂದ ಕಾಯಾಕಹತ್ಯಾವು. ಲಗ್ನದ ಸೀರಿ ನೇಯೂವು. ‘ಹೊನ್ನವ್ವ ಬಂದಳೇನು’ ಅಂತ ಕೇಳತಿರತಾರ. ನನ್ನ ಹಂಗ ಕೇಳೂರು ಮತ್ತ್ಯಾರದಾರ?”

ಜುಲೇಖಾ ಬಂಡಿಯ ಅಂಚನ್ನು ಕೈಯಿಂದ ಸವರುತ್ತ ಕೂತಳು. ಆಮೇಲೆ ಮಗನನ್ನು ಕರೆದು, “ಆ ತಳಾ ಬಡಿಯಾಂವನ್ನ ಕರಿ,” ಎಂದಳು.

ಅಜ್ಜಪ್ಪ ಬಂದು ದೂರದಲ್ಲಿಯೇ ನಿಂತ.

“ಅಚ್ಚು ತಗೀ. ಆದ್ರ ನನ್ನ ಬಂಡಿ ಹೆಂಗೈತಿ ಹಂಗ ಇರಬೇಕು. ನಾ ಕಣ್ಣು ಮುಚ್ಚಿ ಹತ್ತತೀನಿ, ಇಳೀತೀನಿ. ಕಾಲಿಗೆ ಒಂದು ಬೆರಳು ಹೆಚ್ಚುಕಡಿಮಿ ಹತ್ತಿದರ ಅಚ್ಚು ತಿರಿಗಿ ಹಾಕಬೇಕು.”

ಅಜ್ಜಪ್ಪನಿಗೆ ಇಂಥ ಮಾತೇ ಬೇಕಾಗಿತ್ತು. ಗಜಕೋಲು ತೆಗೆಯಲಿಲ್ಲ. ಮುದುಕಿಯನ್ನು ಹತ್ತು ಸಲ ಹತ್ತಿಸಿ ಇಳಿಸಿ, ಆಕೆಯ ಕಾಲು ಎಲ್ಲಿ ನೆಲ ಬಿಡುತ್ತದೆ, ಎಲ್ಲಿ ಹಲಗೆ ಮುಟ್ಟುತ್ತದೆ ಎಂದು ನೋಡಿಕೊಂಡ. ಜಂಗ್ಲಿಸಾಬ ಗುಡ್ಡದ ಬುಡದಿಂದ ಕಲ್ಲು ಹೊತ್ತು ತಂದ. ಸಂಜೆಯೊಳಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲುಗಂಬ ಎದ್ದು, ಚೌಕಟ್ಟು ಅವುಗಳ ಮೇಲೆ ಕೂತಿತು. ಅಚ್ಚು ಹೊರಗೆ ಬಂತು. ಗಾಲಿಗಳನ್ನು ಎರಡು ಬದಿಗೆ ಮೊದಲಿನ ಹಾಗೆಯೇ ಒರಗಿಸಿಟ್ಟ. ಜುಲೇಖಾ ಕಣ್ಣು ಮುಚ್ಚಿಕೊಂಡು ಹತ್ತಿದಳು, ಕೂತಳು, ಇಳಿದಳು. ಮತ್ತೊಮ್ಮೆ ಹತ್ತಿದಳು.

“ಮೊದಲ ಅಳ್ಳಾಡತಿತ್ತು,” ಎಂದಳು. “ಈಗ ಅದೂ ಇಲ್ಲ.”

ಹೊನ್ನವ್ವ ಸೆರಗಿನ ಗಂಟು ಬಿಚ್ಚಲು ಹೋದಾಗ ಮುದುಕಿ ಕೈ ಅಡ್ಡ ಹಿಡಿದಳು. “ಮಾರಾಕ ಇದೇನು ಬದನಿಕಾಯಿ? ಅಚ್ಚು ನಂದ. ನೀ ದುಡಿಸು. ವರ್ಷಾ ನರಗುಂದಕ್ಕ ಬಂದಾಗ ನನ್ನ ಒಂದು ಸುತ್ತು ಕರಕೊಂಡು ಹೋಗು. ಬರಲಿಲ್ಲ ಅಂದ್ರ ಇವನ್ನ ಕಳಿಸಿ ತರಿಸತೀನಿ,” ಎಂದು ಮಗನನ್ನು ತೋರಿಸಿದಳು.

ಬೆಳವಣಕಿಯ ಬೇವಿನ ಮರದ ಕೆಳಗೆ ಅಜ್ಜಪ್ಪ ಆ ಅಚ್ಚನ್ನು ಗಾಲಿಗೆ ಕೂಡಿಸುವಾಗ ಸುತ್ತಮುತ್ತ ಹತ್ತು ಮಂದಿ ನಿಂತಿದ್ದರು. ಬಲಗಡೆ ಗುಂಬ ಬೆಣ್ಣೆಯೊಳಗೆ ಬೆರಳು ಹೋದಂತೆ ಹೋಯಿತು. ಎಡಗಡೆ ನಡುವೆಯೇ ನಿಂತಿತು. ಅಜ್ಜಪ್ಪ ಹಣಿಗೆಯ ಸೀಳು ಒಂದನ್ನು ಹೊನ್ನವ್ವನಿಂದಲೇ ಇಸಿದುಕೊಂಡು ಸಂದಿಯಲ್ಲಿ ಆಡಿಸಿ ನೋಡಿ, ಎಲ್ಲಿ ಬಿಗಿಯಿದೆಯೋ ಅಲ್ಲಿ ಉಳಿಯಿಂದ ಚೂರು ಚೂರೇ ಹೆರೆದ. ಹೆರೆಯುವುದು, ಕೂಡಿಸುವುದು, ತೆಗೆಯುವುದು. ಇಡೀ ಒಂದು ದಿನ ಹೀಗೆಯೇ ಹೋಯಿತು. ಕಡೆಗೆ ಗಾಲಿಯನ್ನು ಒಂದು ಬೆರಳಿನಿಂದ ನೂಕಿದ. ಅದು ತಿರುಗಿತು, ತಿರುಗುತ್ತಲೇ ಇತ್ತು. ಕೆಲಸದ ಕೂಲಿ ಕೇಳಿದರೆ, “ಕಾಮಣ್ಣನ ಲೆಕ್ಕಕ್ಕ ಬರದುಕೊಂಡೀನಿ,” ಎಂದ. ಆ ಮಾತಿನ ಅರ್ಥ ಸಿದ್ದಲಿಂಗವ್ವ, ಹೊನ್ನವ್ವ ಇಬ್ಬರಿಗೇ ಆಯಿತು. ಇಬ್ಬರೂ ಸೆರಗು ಬಾಯಿಗೆ ಹಿಡಿದರು.

ಮರುದಿನ ನಸುಕಿನಲ್ಲೇ ಬಂಡಿ ಹೊರಟಿತು. ಯಾವಗಲ್ಲ ಹಳ್ಳದ ಉಸುಕಿನಲ್ಲಿ ಎತ್ತುಗಳು ಒಮ್ಮೆ ನಿಂತವು. ಹೊನ್ನವ್ವ ಇಳಿದು ಗಾಲಿಗೆ ಹೆಗಲು ಕೊಟ್ಟಳು, ಬಂಡಿ ಮೇಲೆ ಬಂದಿತು. ನರಗುಂದದ ನಾಲ್ಕು ಮಗ್ಗಗಳ ಮನೆಯವರು, “ಇಷ್ಟ್ಯಾಕ ತಡಾತು?” ಎಂದು ಬೈದರು. ಆ ಬೈಗುಳ ಆಕೆಗೆ ಹೋಳಿಗೆಯ ಹಾಗೆ ರುಚಿಸಿತು. ಮೂರು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿದಳು. ಹೊರಡುವ ದಿನ ಜುಲೇಖಾಳನ್ನು ಬಂಡಿಯಲ್ಲಿ ಕೂಡ್ರಿಸಿಕೊಂಡು ಗುಡ್ಡದ ಬುಡದ ತನಕ ಹೋಗಿ ಬಂದಳು. ಮುದುಕಿ ದಾರಿಯುದ್ದಕ್ಕೂ ಎತ್ತು ಹೊಡೆಯುವುದರಲ್ಲಿ ತಪ್ಪು ಹುಡುಕಿದಳು. ಇಳಿಯುವಾಗ, “ಸಪ್ಪಳಾ ಅದ ಐತಿ,” ಎಂದಳು. ಅಚ್ಚಿನ ಕಿರ್ ಎಂಬ ಸಪ್ಪಳವನ್ನು ಆಕೆ ಇಪ್ಪತ್ತು ವರ್ಷಗಳ ಮೇಲೆ ಕೇಳಿದ್ದಳು.

ಉಗಾದಿ ಅಮಾವಾಸ್ಯೆಯ ದಿನ ಹೊತ್ತು ಇಳಿಯುವ ಮೊದಲು ಬಂಡಿ ಗಜೇಂದ್ರಗಡದ ನೇಕಾರರ ಓಣಿಗೆ ತಿರುಗಿತು. ಗುರುಸಂಗಪ್ಪ ಬಾಗಿಲ ಮುಂದೆ ಹೊಸ ಕುಂಟೆಯೊಂದಕ್ಕೆ ಹಗ್ಗ ಬಿಗಿಯುತ್ತಿದ್ದ. ನಾಳೆ ಉಗಾದಿ, ಹೊಲಕ್ಕೆ ಮೊದಲ ಕುಂಟೆ ಹೂಡುವ ದಿನ. ಬಂಡಿ ಕಂಡು ಹಗ್ಗ ಅವನ ಕೈಯಲ್ಲಿಯೇ ಉಳಿಯಿತು. ಓಣಿಯ ಹಿರಿಯರು ಇಬ್ಬರು ಕಟ್ಟೆಯಿಂದ ನೋಡುತ್ತಿದ್ದರು. ಅವನು ಎದ್ದು ಬಂಡಿಯ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅಚ್ಚು ನೋಡಿದ.

“ಬ್ಯಾರೇದು ಹಾಕಿಸಿಯೇನು?”

“ಹೂಂನಪ್ಪ. ಮುರಿದಿತ್ತು.”

“ಎಲ್ಲಿ ಸಿಕ್ತು?”

“ನರಗುಂದದಾಗ. ನಮ್ಮ ಅಮ್ಮನ ಕಡೆ.”

ಆ ಅಮ್ಮ ಯಾರೆಂದು ಅವನಿಗೆ ತಿಳಿಯಲಿಲ್ಲ; ಕೇಳಲೂ ಇಲ್ಲ. ಕಟ್ಟೆಯ ಕಡೆ ನೋಡಿದ. ಹಿರಿಯರಲ್ಲೊಬ್ಬರು, “ಮಾತು ಮಾತ ಗುರುಸಂಗಪ್ಪ,” ಎಂದರು. ಅವನು ತಲೆ ತಗ್ಗಿಸಿ ಕುಂಟೆಯನ್ನು ಗೋಡೆಗೆ ಒರಗಿಸಲು ಹೋದ. ಆ ಬೆನ್ನು ನೋಡಿ ಹೊನ್ನವ್ವನಿಗೆ ಗೆದ್ದೆನೆಂದು ಅನಿಸಲಿಲ್ಲ. ಎರಡು ಕೂರಿಗೆ ಹೊಲ, ಎತ್ತಿಲ್ಲದ ಮನುಷ್ಯ.

“ಗುರುಸಂಗ, ಕುಂಟಿ ಯಾಕ ಒಳಗ ಇಡತಿ? ಮಳಿಗಾಲ ಮುಗಿಯೂತನಕ ನನಗ ಹೋಗೂ ಕೆಲಸಿಲ್ಲ. ನಾಳೆಯಿಂದ ಎತ್ತು ಹೂಡು. ಬಿತ್ತಿಗಿ ಎಲ್ಲಾ ಮುಗಿಯೂತನಕ ಇಟಗೋ. ಆದ್ರ ಮಹಾನವಮಿ ಮರುದಿನ ಮುಂಜಾನೆ ನನ್ನ ನೊಗಕ್ಕ ತಂದು ಕಟ್ಟಬೇಕು. ಒಂದು ದಿನ ತಡ ಆಗಬಾರದು. ಮತ್ತ ಸೊರಗಿಸಬಾರದು.”

ಗುರುಸಂಗಪ್ಪ ಕುಂಟೆ ಹಿಡಿದುಕೊಂಡೇ ನಿಂತ. ಎತ್ತುಗಳ ಬಳಿಗೆ ಬಂದು ಒಂದರ ಗಂಗೆದೊಗಲು ತುರಿಸಿದ. “ಸೊರಗಿಸೂದು ಯಾಕವ್ವ,” ಎಂದ. ಆಮೇಲೆ ಒಳಗೆ ಹೋಗಿ ಔಡಲೆಣ್ಣೆಯ ಗಿಂಡಿ ತಂದು, ಗಾಲಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಅಚ್ಚಿಗೆ ಎಣ್ಣೆ ಬಿಡತೊಡಗಿದ.

“ಭಾಳ ಕಿರ್ರಂತೈತಿ ಇದು, ಅತ್ತಿಗಿ.”

“ಅನ್ನಲಿ ಬಿಡು,” ಎಂದಳು ಹೊನ್ನವ್ವ. “ತುಸುನೇ ಹಾಕು.”